ನವಿಲಿನ ಕೊಕ್ಕಿನ ತುರಿಮಣೆ

ಹೆಂಡತಿಗೆ ಸೀರೆ ತಂದು ಬೈಸಿಕೊಂಡವರನ್ನು ನೀವು ನೋಡಿರುತ್ತೀರಿ. ಸಿಂಹಾಸನವನ್ನೇ ಮಾಡಿಸಿಕೊಟ್ಟು ಸಿಕ್ಕಿಹಾಕಿಕೊಂಡವನು ಬಿಳಿಗೆರೆಯಲ್ಲಿ ನಾನೊಬ್ಬನೇ.

ನನ್ನ ಧರ್ಮಪತ್ನಿ ಸುವರ್ಣಮ್ಮನ ಮಂಡಿಗಳು ಎರಡು ವರ್ಷದಿಂದ ಮುಷ್ಕರ ಹೂಡಿವೆ. ತಿಪಟೂರಿನ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಇನ್ಮೇಲೆ ನೆಲದ ಮೇಲೆ ಕೂರಂಗಿಲ್ಲ ಕಣಮ್ಮ” ಅಂದುಬಿಟ್ಟರು. ಬೇರೆ ಸೀಮೆಯಲ್ಲಾಗಿದ್ದರೆ ಇದು ಸಣ್ಣ ಮಾತು. ನಮ್ಮಲ್ಲಿ ನೆಲಕ್ಕೆ ಕೂರದೆ ಕಾಯಿ ತುರಿಯುವುದು ಹೇಗೆ? ಕಾಯಿ ತುರಿಯದೆ ನಮ್ಮ ಮನೆಯಲ್ಲಿ ಕಾಫಿ ಬಿಟ್ಟು ಇನ್ನೇನೂ ಆಗುವುದಿಲ್ಲ. ಸುವರ್ಣಮ್ಮ ಈ ಮನೆಗೆ ಬಂದಾಗಿನಿಂದ ತುರಿದ ಕಾಯಿಯನ್ನೆಲ್ಲ ಸುರಿದರೆ ಇಲ್ಲಿಂದ ತಿಪಟೂರು ಬಸ್‌ಸ್ಟ್ಯಾಂಡಿನವರೆಗೆ ರಸ್ತೆ ಬೆಳ್ಳಗಾಗುತ್ತದೆ. (ಗುಂಡಿಗಳೂ ಮುಚ್ಚಿಹೋಗುತ್ತವೆ, ಅದು ಬೇರೆ ಉಪಕಾರ.)

ಮಿಕ್ಸಿಗೆ ಹಾಕಿದ ಕಾಯಿ ಬಾಯಲ್ಲಿ ಹೊಟ್ಟಿನ ಹಾಗಿರುತ್ತದೆ ಎಂಬುದು ಅವಳ ತೀರ್ಪು. ಹಾಗಾಗಿ ನಾವು ಅತ್ತ ತಿರುಗಿದಾಗ ಕದ್ದು ನೆಲಕ್ಕೆ ಕೂತು ತುರಿಯುವಳು. ಆಮೇಲೆ ಅವಳನ್ನು ಏಳಿಸಲು ನಾನೂ ಬೇಕು, ಮೊಮ್ಮಗಳು ಯೋಗಿತಾಳೂ ಬೇಕು. ಒಂದು ದಿನ ಹಾಗೆ ಎದ್ದವಳು ಕಣ್ಣೀರು ಒರೆಸಿಕೊಂಡು ಅಂದಳು:

“ಎತ್ತರದ್ದು ಒಂದು ತುರಿಯೋ ಮಣೆ ಮಾಡಿಸ್ಕೊಡ್ರೀ. ಇನ್ನು ಹದಿನೈದು ದಿನ ನೋಡ್ತೀನಿ. ಆಮೇಲೆ ಗಂಗಕ್ಕನ ಅಂಗ್ಡಿಯಿಂದ ಪ್ಯಾಕೆಟ್ ಕಾಯಿತುರಿ ತರ್ಸ್ತೀನಿ.”

ಪ್ಯಾಕೆಟ್! ಅಟ್ಟದ ಮೇಲೆ ಕಾಯಿ ಉರುಳಾಡುವ ಮನೆಗೆ ಪ್ಯಾಕೆಟ್! ಬೆಳಗ್ಗೆ ತಂದರೆ ಸಾಯಂಕಾಲದೊಳಗೆ ಸುದ್ದಿ ತುರುವೇಕೆರೆ ದಾಟಿ ಮಾಯಸಂದ್ರ ಮುಟ್ಟುತ್ತದೆ. ಆಮೇಲೆ ನಾನು ತಲೆಗೆ ಟವಲು ಹಾಕಿಕೊಂಡೇ ಓಡಾಡಬೇಕು.

ಬಡಗಿ ಭೀಮರಾಜುವನ್ನು ಕರೆಸಿದೆ. ಅವನಿಗಿಂತ ಮೊದಲು ಯೋಗಿತಾ ಬಂದು ಕೂತಳು. ತುಮಕೂರಿನಲ್ಲಿ ಡಿಸೈನ್ ಓದುತ್ತಾಳೆ, ರಜಕ್ಕೆ ಬಂದಿದ್ದಳು.

“ತಾತ, ಮೊದ್ಲು ಹೇಳು. ಯೂಸರ್ ಯಾರು?”

“ಉಸಿರಾ? ನಂದೇ ಕಣವ್ವ, ಇನ್ನೂ ಆಡ್ತಾ ಐತೆ.”

“ಅಯ್ಯೋ, ಬಳಸೋರು ಯಾರು ಅಂದೆ! ಅಜ್ಜೀನ ರಟ್ಟಿನ ಪೆಟ್ಟಿಗೆ ಮೇಲೆ ಕೂರ್ಸಿ ನೋಡೋಣ. ಎತ್ತರ ಎಷ್ಟು ಬೇಕು, ಕೈ ಎಲ್ಲಿಗೆ ಎಟುಕ್ತದೆ ಅಂತ.”

“ನಿಮ್ಮಜ್ಜೀನ ರಟ್ಟಿನ ಪೆಟ್ಟಿಗೆ ಮೇಲೆ ಕೂರ್ಸಿದ್ರೆ ಪೆಟ್ಟಿಗೇನೂ ಇರಲ್ಲ, ನಾನೂ ಇರಲ್ಲ. ಸುಮ್ನಿರು.”

ನನ್ನ ತಲೆಯಲ್ಲಿ ಆಗಲೇ ನವಿಲು ಕುಣಿಯುತ್ತಿತ್ತು. ಹಲಸಿನ ಮರದ ಪೀಠ, ಹಿಂದೆ ಒರಗಲು ಬಿಚ್ಚಿದ ಗರಿ, ಮುಂದೆ ಕತ್ತು, ಕೊಕ್ಕಿನಲ್ಲಿ ಕಾಯಿ ತುರಿಯುವ ಹಲ್ಲು! ಭೀಮರಾಜು ಹನ್ನೆರಡು ದಿನ ಕೆತ್ತಿದ. ಮೂರು ಕೈ ಪಾಲಿಶ್ ಹೊಡೆದ. ಮಣೆಯನ್ನು ಜಗಲಿಯ ಮೇಲಿಟ್ಟಾಗ ತೋಟದಿಂದ ನಿಜವಾದ ಹೆಣ್ಣು ನವಿಲೊಂದು ಬಂದು ಅರ್ಧ ಗಂಟೆ ನಾಚಿಕೊಂಡು ನಿಂತಿತ್ತು. (ಬೇಕಾದರೆ ಗಂಗಕ್ಕನನ್ನು ಕೇಳಿ. ಇಲ್ಲ ಅಂದರೆ, ಅವಳಿಗೆ ಈಚೆಗೆ ಕಣ್ಣು ಸರಿಯಿಲ್ಲ.)

ಸುವರ್ಣಮ್ಮ ಮಣೆಯ ಸುತ್ತ ಒಂದು ಪ್ರದಕ್ಷಿಣೆ ಬಂದಳು. ಗರಿಯ ಮೇಲೆ ಕೈಯಾಡಿಸಿದಳು.

“ಚೆಂದಾಗೈತೆ ಕಣ್ರೀ.”

ನನ್ನ ಕೆಲಸಕ್ಕೆ ಈ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ನಾನು ನೆಲದಿಂದ ಎರಡಂಗುಲ ಮೇಲೇರಿದೆ.

ಆಮೇಲೆ ಅವಳು ಕೂತಳು. ಅವಳೂ ನೆಲದಿಂದ ಮೇಲೇರಿದಳು, ಆದರೆ ಒಂದು ಗೇಣು. ಕಾಲುಗಳು ಗಾಳಿಯಲ್ಲಿ ತೂಗಾಡಿದವು. ಬೆನ್ನಿಗೆ ಗರಿಯ ಕಣ್ಣುಗಳು ಒಂದೊಂದಾಗಿ ಚುಚ್ಚಿದವು. ಕಾಯಿ ಹೋಳು ಹಿಡಿದು ಮುಂದೆ ಬಾಗಿದ್ದೇ ತಡ, ಪಾಲಿಶ್ ತನ್ನ ಗುಣ ತೋರಿಸಿತು.

“ರೀ, ಜಾರ್ತೈತೆ! ಕೊಕ್ಕು ಹೊಟ್ಟೆಗೇ ಬತ್ತೈತೆ, ಹಿಡ್ಕಳ್ರೀ!”

ಯೋಗಿತಾ ಹಿಡಿದುಕೊಂಡಳು. ಸುವರ್ಣಮ್ಮ ಬೈಯುತ್ತಾಳೆ ಎಂದು ತಲೆ ಬಗ್ಗಿಸಿ ನಿಂತೆ. ಬೈಯಲಿಲ್ಲ. ಸೆರಗು ಸಿಕ್ಕಿಸಿಕೊಂಡು ಮತ್ತೆ ಕೂತಳು. ಮತ್ತೆ ಜಾರಿದಳು. ನನ್ನ ಮುಖ ನೋಡಿ ಮೂರನೇ ಸಲವೂ ಕೂತಳು. ನನಗೆ ನೋವಾಗಬಾರದೆಂದು ಅವಳು ಪಡುತ್ತಿದ್ದ ಆ ಪಾಡು ನವಿಲಿನ ಗರಿಗಿಂತ ಜೋರಾಗಿ ನನ್ನನ್ನು ಚುಚ್ಚಿತು.

ಸಿಟ್ಟೆಲ್ಲ ಅಲ್ಲೇ ನಿಂತಿದ್ದ ಭೀಮರಾಜುವಿನ ಮೇಲೆ ತಿರುಗಿತು. “ಏನ್ಲಾ ಅಳತೆ ಇದು?”

“ಅಳತೆ ತಪ್ಪಿಲ್ಲ ಯಜಮಾನ್ರೇ. ಅಮ್ಮಾರು ಒಳಗೆ ಅಡುಗೇಲಿದ್ರು. ‘ಅವಳ್ನ ಯಾಕೆ ಕರೀತಿಯಾ, ನಂದೇ ತಗೋ’ ಅಂದ್ರಿ. ನಿಮ್ದೇ ತಗೊಂಡೆ.”

ನಾನು ನವಿಲಿನ ಕತ್ತಿನ ಧೂಳು ಒರೆಸತೊಡಗಿದೆ.

“ಹಂಗಾದ್ರೆ ನೀನೇ ಕೂತ್ಕೋ ತಾತ” ಅಂದಳು ಯೋಗಿತಾ.

ಕೂತೆ. ಏನು ಹೇಳಲಿ! ಕಾಲು ನೆಲಕ್ಕೆ ಊರಿತು, ಬೆನ್ನು ಗರಿಗಳ ನಡುವಿನ ಸಂದಿಗೆ ಸರಿಯಾಗಿ ಕೂತಿತು, ಕೊಕ್ಕು ಕೈಗೇ ಬಂತು. ಎಪ್ಪತ್ತಾರು ವರ್ಷಕ್ಕೆ ಮೊದಲ ಸಲ ಕಾಯಿ ತುರಿದೆ.

“ಒಂದೇ ಕಡೆ ಉಜ್‌ಬ್ಯಾಡ್ರೀ, ತಿರುಗ್ಸಿ... ಕಂದು ಬತ್ತಾ ಐತೆ, ಸಾಕು ನಿಲ್ಸಿ!” ಎಂದು ಸುವರ್ಣಮ್ಮ ಪಕ್ಕದಲ್ಲಿ ನಿಂತು ಪಾಠ ಹೇಳಿದಳು. ಒಂದು ಹೋಳು ಮುಗಿಯುವಷ್ಟರಲ್ಲಿ ಹೆಗಲು ಬಿದ್ದುಹೋಯಿತು. ಇಷ್ಟು ವರ್ಷ ನಾನು ಕಾಯಿತುರಿಯನ್ನು ತಟ್ಟೆಯ ಕಡೆಯಿಂದ ಮಾತ್ರ ನೋಡಿದ್ದೆ. ಅದಕ್ಕೆ ಮಣೆಯ ಕಡೆಯೊಂದು ಇದೆ ಎಂಬುದೇ ಹೊಳೆದಿರಲಿಲ್ಲ. ತಿಳಿಯದವನು ನವಿಲು ಕೆತ್ತಿಸದೆ ಇನ್ನೇನು ಮಾಡುತ್ತಾನೆ?

“ಭೀಮರಾಜು, ಗರಗಸ ತಗೋ. ಕಾಲು ಕುಯ್ಯಿ, ಗರಿ ಕಿತ್ತಾಕು, ಪಾಲಿಶ್ ಉಜ್ಜಾಕು. ಇವಳಿಗೆ ಹೆಂಗೆ ಬೇಕೋ ಹಂಗೆ ಮಾಡು” ಎಂದೆ. ಮನಸಾರೆ ಹೇಳಿದ ಮಾತು, ನಂಬಿ.

“ಯಾರ್ರೀ ಅದನ್ನ ಮುಟ್ಟೋದು?” ಸುವರ್ಣಮ್ಮ ನವಿಲಿಗೆ ಅಡ್ಡ ನಿಂತಳು. “ಇಂಥ ಚೆಂದದ್ದನ್ನ ಕುಯ್ತಾರಾ?”

“ನಿಂಗೆ ಕೂರೋಕೇ ಆಗಲ್ವಲ್ಲೇ!”

“ನಂಗ್ಯಾಕಾಗ್ಬೇಕು? ನಿಮ್ಗೆ ಹೇಳಿ ಮಾಡ್ಸಿದಂಗೈತಲ್ಲ.” ಪ್ಲಾಸ್ಟಿಕ್ ಕುರ್ಚಿ ಎಳೆದು ಎದುರಿಗೆ ಕೂತು, ಉಳಿದ ಹೋಳನ್ನು ನನ್ನ ಕೈಗಿಟ್ಟಳು. “ನೋಡೋಕೆ ನಂಗೆ, ತುರಿಯೋಕೆ ನಿಮ್ಗೆ. ಮಾಡಿ, ಸಾರಿಗೆ ಹೊತ್ತಾಯ್ತು.”

ಅಂದಿನಿಂದ ದಿನಾ ಎರಡು ಕಾಯಿ. ಪ್ಯಾಕೆಟ್ ಬರಲಿಲ್ಲ, ಮಾನ ಉಳಿಯಿತು. ಆದರೂ ಟವಲು ಮಾತ್ರ ತಲೆಯ ಮೇಲೇ ಇದೆ. ಏಕೆಂದರೆ ನವಿಲನ್ನು ನೋಡಲು ಊರಿನ ಹೆಂಗಸರೆಲ್ಲ ಬಂದುಹೋದರು. ಈಗ ಭೀಮರಾಜುವಿಗೆ ಏಳು ಆರ್ಡರ್ ಇವೆಯಂತೆ. ಗಂಗಕ್ಕನಿಂದ ಹಿಡಿದು ಎಲ್ಲರೂ ಅಳತೆ ಕೊಡಲು ತಂತಮ್ಮ ಗಂಡಂದಿರನ್ನೇ ಕಳಿಸುತ್ತಿದ್ದಾರೆ. ಆ ಏಳೂ ಜನ ನನ್ನನ್ನು ಹುಡುಕುತ್ತಿದ್ದಾರೆ.