ಇಲಿಗೊಂದು ನೆಲೆ

ಬೋನಿನ ಬಾಗಿಲು ಪಟ್ ಎಂದು ಬಿದ್ದಾಗ ವಾರ್ಡನ್ ಹಲ್ಲುಜ್ಜುತ್ತಿದ್ದರು. ಖುಷಿಗೆ ನೊರೆಯನ್ನೇ ನುಂಗಿಬಿಟ್ಟರು.

ಬೌದ್ಧ ಭಿಕ್ಷುಣಿಯರು ನಡೆಸುವ ಆ ಹಾಸ್ಟೆಲಿನಲ್ಲಿದ್ದುಕೊಂಡು ಕೂಲಿಕಾರರ, ಚಿಂದಿ ಆಯುವವರ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಇಟ್ಟಿಗೆ ಭಟ್ಟಿಯ ಇನ್ನಷ್ಟು ಮಕ್ಕಳನ್ನು ಸೇರಿಸಿಕೊಳ್ಳಲು ದಾನಿಯಮ್ಮನ ಒಪ್ಪಿಗೆ ಬೇಕು. ಅವರು ಬರುವುದು ಅಂದೇ ಸಂಜೆ. ಹೋದ ಸಲ ಇಲಿಯ ಬಾಲ ಕಂಡು ಕುರ್ಚಿ ಹತ್ತಿದ್ದ ದಾನಿಯಮ್ಮ, "ಇನ್ನೊಂದು ಸಲ ಇಲಿ ಕಂಡ್ರೆ ನನ್ನನ್ನ ಮರೆತುಬಿಡಿ" ಎಂದು ಅಲ್ಲಿಂದಲೇ ಘೋಷಿಸಿದ್ದರು. ವಾರ್ಡನ್ನರೋ ಯಾರಿಗೂ ಇಲ್ಲ ಎನ್ನಲಾರದ ಮನುಷ್ಯ. ಭಟ್ಟಿಯ ತಾಯಂದಿರಿಗೆ, "ನಾಳೆ ಬೆಳಿಗ್ಗೆ ಕರ್ಕೊಂಡು ಬನ್ನಿ" ಎಂದು ಆಗಲೇ ಮಾತು ಕೊಟ್ಟು ಕೂತಿದ್ದರು.

"ಸದ್ಯ, ಸಿಕ್ತಲ್ಲ!" ಎಂದಳು ಅಡುಗೆಯಾಕೆ. "ಒಂದು ಬಕೆಟ್ ನೀರಲ್ಲಿ ಕೆಲಸ ಮುಗಿಸಿಬಿಡಿ ಸಾರ್. ಭಿಕ್ಷುಣಿಯಮ್ಮ ಇನ್ನೂ ಧ್ಯಾನದಲ್ಲಿದಾರೆ."

"ಧ್ಯಾನದಲ್ಲಿದ್ರೂ ಕಿವಿ ಕೇಳುತ್ತೆ." ಹಿರಿಯ ಭಿಕ್ಷುಣಿ ಬಾಗಿಲಲ್ಲೇ ನಿಂತಿದ್ದರು. "ಜೀವ ತೆಗೆಯೋ ಹಾಗಿಲ್ಲ. ದೂರ ಬಿಟ್ಟು ಬನ್ನಿ. ಅದಕ್ಕೆ ಊಟ ಸಿಗಬೇಕು, ಯಾರಿಗೂ ತೊಂದರೆ ಆಗಬಾರದು."

"ನದಿ ದಾಟಿಸಿ ಬಿಡಿ," ಎಂದು ಹಾಸ್ಟೆಲಿನ ಮಕ್ಕಳಿಗೆ ಪಾಠ ಹೇಳುವ ವಿಜ್ಞಾನದ ಮೇಷ್ಟ್ರು ಬೋನಿನೊಳಗೆ ಇಣುಕುತ್ತ ದನಿಗೂಡಿಸಿದರು. "ಇಲ್ದಿದ್ರೆ ನಿಮಗಿಂತ ಮುಂಚೆ ಅದೇ ವಾಪಸ್ ಬಂದಿರುತ್ತೆ."

ಬೋನಿಗೆ ಟವೆಲ್ ಹೊದಿಸಿ ವಾರ್ಡನ್ ಹೊರಟರು. ಊಟ ಸಿಗುವ ಕಡೆ ಜನರಿರುತ್ತಾರೆ, ಜನರಿಲ್ಲದ ಕಡೆ ಊಟ ಸಿಗದು. ಈ ಲೆಕ್ಕಕ್ಕೆ ಉತ್ತರವೇ ಇಲ್ಲವೇನೋ ಎಂದುಕೊಳ್ಳುತ್ತ ಬೀದಿಗಿಳಿದರು.

ಹಿಂದೆಯೂ ಹೀಗೇ ಇಲಿ ಸಾಗಿಸಿದ್ದರಿಂದ ಬೀದಿಗೆಲ್ಲ ಆ ಟವೆಲಿನ ಗುರುತಿತ್ತು. ಕ್ಷೌರದವನು ಕತ್ತಿ ಹಿಡಿದೇ ಹೊರಬಂದ. "ಮತ್ತೆ ಮೆರವಣಿಗೆನಾ ಸಾರ್? ನನ್ನ ಅಂಗಡಿ ಮುಂದೆ ಮಾತ್ರ ನಿಲ್ಬೇಡಿ!"

ಧಾನ್ಯದ ಗೋದಾಮಿನ ಕಾವಲುಗಾರ ಕೈ ಅಡ್ಡ ಹಿಡಿದ. "ಇಲ್ಲಿರೋ ಇಲಿಗಳಿಗೇ ಜಾಗ ಸಾಲ್ತಿಲ್ಲ. ಇದನ್ನೆಲ್ಲಿ ಇಟ್ಕೊಳ್ಲಿ, ನನ್ನ ತಲೆ ಮೇಲಾ?"

ಬೇರೆ ದಾರಿ ಕಾಣದೆ ಬಸ್ ಹತ್ತಿದರು. ಸೇತುವೆಯ ನಡುವೆ ಟವೆಲಿನೊಳಗಿಂದ ಕಿಚ್ ಎಂದಿತು. ಪಕ್ಕದ ಹೆಂಗಸು ಕಿರುಚಿದಳು, ಹಿಂದಿನವನು ಸೀಟಿನ ಮೇಲೆ ನಿಂತ.

"ಇಳೀರಿ, ಇಳೀರಿ!" ಎಂದ ಕಂಡಕ್ಟರ್. "ಇಲಿ ಸಾಕೋ ವಯಸ್ಸೇನ್ರೀ ಇದು?"

ನೆತ್ತಿ ಸುಡುವ ಬಿಸಿಲಲ್ಲಿ ಸೇತುವೆ ದಾಟಿ, ಸಿಕ್ಕ ಸಿಕ್ಕ ಗಲ್ಲಿಗಳಲ್ಲೆಲ್ಲ ಬೈಸಿಕೊಂಡು ನಡೆದ ವಾರ್ಡನ್ನರಿಗೆ ಕೊನೆಗೊಂದು ಹಸಿರು ಗೇಟು ಕಂಡಿತು. ತುಕ್ಕು ಹಿಡಿದ ಬೀಗ, ಒಳಗೆ ಪಾಳುಬಿದ್ದ ಬಂಗಲೆ, ಹಿತ್ತಿಲ ತುಂಬ ಉದುರಿದ ಹಣ್ಣು. ಊಟವೂ ಇದೆ, ಜನರೂ ಇಲ್ಲ! ಗೇಟಿನ ಸರಳುಗಳ ನಡುವೆ ಬೋನನ್ನು ತೆರೆದರು. ಇಲಿ ತಿರುಗಿಯೂ ನೋಡದೆ ಮನೆಯೊಳಗೆ ನುಗ್ಗಿತು.

ಸಂಜೆ ದಾನಿಯಮ್ಮ ಛತ್ರಿಯ ತುದಿಯಿಂದ ಪ್ರತಿ ಹಾಸಿಗೆಯ ಅಡಿಯನ್ನೂ ತಿವಿದು ನೋಡಿದರು. ವಾರ್ಡನ್ ಹಿಂದೆಯೇ ಬಗ್ಗಿ ಬಗ್ಗಿ ನೋಡಿದರು. ಏನೂ ಸಿಗಲಿಲ್ಲ.

"ಭೇಷ್! ಹೊಸ ಮಕ್ಕಳನ್ನ ಸೇರಿಸ್ಕೊಳ್ಳಿ," ಎಂದರು ದಾನಿಯಮ್ಮ. "ಇಲ್ಲಿ ಕಾಲು ಚಾಚೋಕೂ ಜಾಗ ಇಲ್ಲ. ನದಿ ಆಚೆ ನಮ್ಮ ಹಳೇ ಬಂಗಲೆ ಖಾಲಿ ಬಿದ್ದಿದೆ, ಹಿತ್ತಿಲಲ್ಲಿ ಹಣ್ಣಿನ ಮರಗಳಿವೆ. ಅದನ್ನೇ ಕೊಡ್ತೀನಿ."

ವಾರ್ಡನ್ನರ ಮುಖ ಒರೆಸಿದ ಕರಿಹಲಗೆಯಂತಾಯಿತು. "ಹಸಿರು... ಹಸಿರು ಗೇಟಾ ಅಮ್ಮಾ?"

"ಹೌದು! ನಿಮಗೆ ಹೇಗೆ ಗೊತ್ತು?"

ಸುಳ್ಳಾಡುವುದಿಲ್ಲ ಎಂದು ದಿನವೂ ಪ್ರಾರ್ಥನೆಯಲ್ಲಿ ವಾರ್ಡನ್ನರ ಜೊತೆ ಕೂತು ಹೇಳುವ ಮಕ್ಕಳೆಲ್ಲ ಸಾಲಾಗಿ ನಿಂತು ನೋಡುತ್ತಿದ್ದರು. ವಾರ್ಡನ್ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟರು.

ದಾನಿಯಮ್ಮ ಕುರ್ಚಿ ಹತ್ತಿದರು.

"ಒಂದೇ ಅಲ್ಲ," ಎಂದರು ವಿಜ್ಞಾನದ ಮೇಷ್ಟ್ರು ತಣ್ಣಗೆ. "ಅದು ತುಂಬು ಬಸುರಿ. ಇಷ್ಟು ಹೊತ್ತಿಗೆ ಹೆರಿಗೆ ಆಗಿರುತ್ತೆ. ಬೆಳಿಗ್ಗೆಯೇ ನೋಡ್ದೆ, ನಿಮಗೆ ಗಾಬರಿ ಆಗುತ್ತೆ ಅಂತ ಹೇಳ್ಲಿಲ್ಲ."

ದಾನಿಯಮ್ಮ ಕುರ್ಚಿಯಿಂದ ಮೇಜಿಗೆ ಬಡ್ತಿ ಪಡೆದರು. ನಾಳೆ ಗಂಟುಮೂಟೆ ಹೊತ್ತು ಬರುವ ತಾಯಂದಿರು ವಾರ್ಡನ್ನರ ಕಣ್ಣ ಮುಂದೆ ಬಂದರು. "ಮಕ್ಕಳನ್ನ ಮಾತ್ರ ಬೇಡ ಅನ್ಬೇಡಿ ಅಮ್ಮಾ," ಎಂದು ಕೈಮುಗಿದರು.

"ಕೊಟ್ಟ ಮಾತು ನಾನು ಹಿಂದಕ್ಕೆ ತಗೊಳ್ಳಲ್ಲ," ಎಂದು ಮೇಜಿನ ಮೇಲಿನಿಂದ ದನಿ ಬಂತು. "ಮಕ್ಕಳು ಬರ್ಲಿ. ಆದ್ರೆ ಇಲಿ ಇರೋ ಮನೆಗೆ ಬೇಡ."

"ಮರಿಗಳು ಕಣ್ಣು ಬಿಟ್ಟು ಓಡಾಡೋವರೆಗೂ ತಾಯಿನ ಅಲ್ಲಿಂದ ಎಬ್ಬಿಸಬಾರದು," ಎಂದು ಭಿಕ್ಷುಣಿ ಶಾಂತವಾಗಿ ತೀರ್ಪು ಕೊಟ್ಟರು. "ಅಲ್ಲಿವರೆಗೆ ಹೊಸ ಮಕ್ಕಳು ವಾರ್ಡನ್ ಕೋಣೆಲಿ ಮಲಗ್ಲಿ."

"ಮತ್ತೆ ನಾನು?"

ಅಡುಗೆಯಾಕೆ ಅಷ್ಟರಲ್ಲೇ ಅವರ ಹಾಸಿಗೆ ಸುತ್ತಿ ತಂದು ಕೈಗಿಟ್ಟಳು. "ಆ ಬಂಗಲೇಲಿ ಬಾಣಂತನಕ್ಕೆ ಯಾರಾದ್ರೂ ಬೇಕಲ್ಲ ಸಾರ್!"