ಗೋಡೆಗೆ ಅಂಗಿ ತೊಡಿಸಿದ ಮಾಮ

ನಮ್ಮ ಮಾಮನನ್ನು ಮದುವೆಗೆ ಕರೆಯಲು ನೆಂಟರು ಹೆದರುತ್ತಾರೆ. ಜಗಳ ತೆಗೆಯುತ್ತಾರೆಂದಲ್ಲ, ಚಪ್ಪಾಳೆ ಹೊಡೆಯುತ್ತಾರೆ, ಅದಕ್ಕೆ! ಯಾವ ಕಲ್ಯಾಣ ಮಂಟಪಕ್ಕೆ ಕಾಲಿಟ್ಟರೂ ಮೊದಲು ನಟ್ಟನಡುವೆ ನಿಂತು ಫಟ್ಟೆಂದು ಒಂದು ಚಪ್ಪಾಳೆ. ಆಮೇಲೆ ತಲೆ ಓರೆ ಮಾಡಿ, ಆ ಸಪ್ಪಳ ಗೋಡೆಯಿಂದ ಗೋಡೆಗೆ ಓಡಾಡಿ ಅಡಗುವವರೆಗೂ ಕಿವಿಗೊಟ್ಟು ನಿಲ್ಲುವುದು. ಹಾವೇರಿ ಜಿಲ್ಲೆಯಾದ ಹೊಸದರಲ್ಲಿ, ಎಲ್ಲೆಲ್ಲೂ ಮಾರ್ಬಲ್ ನೆಲದ ಮಂಟಪಗಳು ಏಳುತ್ತಿದ್ದ ಕಾಲ. ಅಲ್ಲಿನ ಒಂದು ಮದುವೆಯಲ್ಲಿ ಬ್ಯಾಂಡಿನವರು ಮಾಮನ ಚಪ್ಪಾಳೆಯನ್ನೇ ಸನ್ನೆಯೆಂದು ತಿಳಿದು ಜೋರಾಗಿ ಬಾರಿಸಿಬಿಟ್ಟರು. ಜನ ಅಕ್ಷತೆ ಎಸೆದೂ ಆಯಿತು. ವರ ಇನ್ನೂ ಬಚ್ಚಲಲ್ಲಿದ್ದ!

ಮಾಮ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ. ಈ ಹುಚ್ಚು ಹತ್ತಿದ್ದು ಅತ್ತೆಯ ಕಿವಿಯಿಂದ. ಅತ್ತೆಗೆ ಉಪನ್ಯಾಸವೆಂದರೆ ಪ್ರಾಣ. ರಾಣೆಬೆನ್ನೂರಿನ ಸಭಾಭವನದಲ್ಲಿ ಯಾರೇ ಮಾತಾಡಲಿ, ಬಸ್ಸು ಹತ್ತಿ ಹೋಗುತ್ತಿದ್ದರು. ಕಿವಿ ಮಂದವಾಗುತ್ತ ಬಂತು. ಮನೆಯಲ್ಲಿ ಎದುರು ಕೂತು ಆಡಿದ ಮಾತು ತಿಳಿಯುತ್ತಿತ್ತು, ಸಭೆಯಲ್ಲಿ ಮಾತ್ರ ಇಲ್ಲ.

“ಬರೇ ಸಪ್ಪಳ ಬರತೈತಿ, ಮಾತು ಬರೂದಿಲ್ಲ. ಇನ್ನ ನಾ ಎಲ್ಲೂ ಬರಂಗಿಲ್ಲ,” ಎಂದು ಒಂದು ದಿನ ಅತ್ತೆ ಕೈಚೀಲವನ್ನು ಗೂಟಕ್ಕೆ ತೂಗುಹಾಕಿದರು. ಅವತ್ತಿನಿಂದ ಮೈಕಿನವರೆಲ್ಲ ಮಾಮನಿಗೆ ವೈರಿಗಳು.

“ಕೇಳವಲ್ದು ಅಂದ್ರ ಅವ್ರು ದನಿ ಏರಸ್ತಾರ. ಏರಸಬಾರ್ದು ಅಳ್ಯಾ, ಮಾರ್ದನಿ ಇಳಸಬೇಕು,” ಎಂದು ನನಗೆ ಪಾಠ. “ಬೋಳ ಗ್ವಾಡಿಗೆ ಬಡದು ಮಾತು ಹೊಳ್ಳಿ ಬರತೈತಿ. ಹಿಂದಿನ ಮಾತು ಹೋಗೂದ್ರಾಗ ಮುಂದಿಂದು ಬಂದು ಅದರ ಮ್ಯಾಲ ಕುಂದರತೈತಿ. ನಿಮ್ಮತ್ತಿ ಯಾವುದನ್ನ ಹಿಡೀಬೇಕು?”

“ಹಂಗಾರ ಏನ್ ಮಾಡೂದು ಮಾಮಾ?”

“ಗ್ವಾಡಿಗೆ ಅಂಗಿ ತೊಡಸಬೇಕು.”

ಅಂಗಿ ಎಂದರೆ ಗೋಣಿಚೀಲ. ಮಾಮನ ಅಂಗಡಿಯಲ್ಲಿ ಗೋಣಿಚೀಲಕ್ಕೆ ಬರವೇ? ಸಭಾಭವನದ ಕಮಿಟಿಯವರ ಬೆನ್ನು ಹತ್ತಿ ಒಪ್ಪಿಸಿದರು. ಹಿಂದಿನ ಗೋಡೆಗೂ ಎರಡೂ ಬದಿಗೂ ಚೀಲಗಳನ್ನು ದಪ್ಪಗೆ ಹೊಡೆಸಿ, ಮೇಲೆ ಚೆಂದದ ಪರದೆ ಇಳಿಬಿಟ್ಟರು. ಸಭೆ ತುಂಬಿತು. ಭಾಷಣಕಾರರು “ಸಹೃದಯರೇ” ಎಂದರು. ಸೆಕೆಯೆಂದು ಯಾರೋ ಫ್ಯಾನ್ ಹಾಕಿದರು. ಅಷ್ಟೇ! ಎಷ್ಟು ಸುಗ್ಗಿಯ ಮೆಣಸಿನ ಪುಡಿ ಆ ಚೀಲಗಳಲ್ಲಿ ಕೂತಿತ್ತೋ, ಇಡೀ ಸಭೆ ಸೀನತೊಡಗಿತು. ಭಾಷಣಕಾರರು ಮೈಕಿನಲ್ಲೇ ಸೀನಿದರು. ಮಾಮ ಮಾತ್ರ ಸುರಿಯುವ ಕಣ್ಣಲ್ಲೇ ನನ್ನ ಭುಜ ತಟ್ಟಿ, “ನೋಡ್ದೇನ, ಯಾವ ಸೀನು ಯಾರ್ದು ಅಂತ ಖರೇನ ಗೊತ್ತಾಗಾಕತ್ತೈತಿ,” ಎಂದರು.

“ಸಾವಕಾರ್ರ, ಮಾತು ಕೇಳಬೇಕಂದ್ರ ಮೊದ್ಲ ಮಾತಾಡಾವ್ರು ಉಳೀಬೇಕಲ್ರಿ,” ಎಂದರು ಕಮಿಟಿ ಅಧ್ಯಕ್ಷರು, ಮೂಗಿಗೆ ಟವೆಲ್ ಒತ್ತಿಕೊಂಡು. ಇನ್ನೊಂದೇ ಅವಕಾಶ, ಮತ್ತೆ ಹೀಗಾದರೆ ಚೀಲವೂ ಹೊರಗೆ, ಮಾಮನೂ ಹೊರಗೆ ಎಂದು ತೀರ್ಮಾನವಾಯಿತು.

ಬೇರೆಯವರಾದರೆ ಮುಖ ಮರೆಸಿಕೊಂಡು ಓಡಾಡುತ್ತಿದ್ದರು. ಮಾಮ ಚೀಲಗಳನ್ನೆಲ್ಲ ಟ್ರ್ಯಾಕ್ಟರಿಗೆ ಹೇರಿ ಗುತ್ತಲದ ಆಚೆ ಹೊಳೆಗೆ ಒಯ್ದರು. ಮೊಣಕಾಲುದ್ದ ನೀರಲ್ಲಿ ನಿಂತು ತಾವೇ ಒಗೆದರು. ಮೀನುಗಳು ಸೀನಿದವೋ ಇಲ್ಲವೋ ನಾ ಕಾಣೆ! ಮಾಮನಿಗಂತೂ ಕೈಯುರಿಗೆ ಅನ್ನ ಕಲಸಲು ಚಮಚ ಬೇಕಾಯಿತು. ನಾವು ನಕ್ಕೆವು, ನಿಜ. ಆದರೆ ಅಂಥ ಹಟ ನಮಗ್ಯಾರಿಗೂ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ಒಣಗಿದ ಚೀಲಗಳನ್ನು ಮತ್ತೆ ಗೋಡೆಗೆ ಹೊಡೆಸಿ, ಮುಂದಿನ ಉಪನ್ಯಾಸಕ್ಕೆ ಅತ್ತೆಯನ್ನು ಕಾಡಿ ಬೇಡಿ ಕರೆತಂದು ಕೊನೆಯ ಸಾಲಿನಲ್ಲಿ ಕೂರಿಸಿದರು. ಅಲ್ಲಿ ಕೇಳಿದರೇ ಕೇಳಿದಂತೆ ಎಂಬುದು ಮಾಮನ ವಾದ. ಭಾಷಣ ಶುರುವಾಯಿತು. ಫ್ಯಾನ್ ತಿರುಗಿತು. ಯಾರೂ ಸೀನಲಿಲ್ಲ. ಮಾಮನಿಗೆ ತಡೆಯಲಾಗಲಿಲ್ಲ. ಅತ್ತೆಯ ಕಿವಿಗೆ ಬಾಗಿ, “ಕೇಳತೈತೇನ? ಮಾತು ಬಿಡಿಬಿಡಿ ಬರಾಕತ್ತಾವೇನ?” ಎಂದು ಒಂದೇ ಸಮನೆ ಕೇಳತೊಡಗಿದರು. ಅತ್ತೆ ವೇದಿಕೆಯಿಂದ ಕಣ್ಣು ಕೀಳದೆ ಅವರ ತೋಳು ಒತ್ತಿ ಹಿಡಿದರು.

“ನೀವು ಒಂದೀಟು ಸುಮ್ನಿರ್ರಿ. ಅವರು ಛಲೋ ಹೇಳಾಕತ್ತಾರ.”

ಹೆಂಡತಿ ಬಾಯಿ ಮುಚ್ಚಿಸಿದ್ದಕ್ಕೆ ಅಷ್ಟು ಸಂತೋಷಪಟ್ಟ ಗಂಡನನ್ನು ನಾನು ಬೇರೆಲ್ಲೂ ಕಂಡಿಲ್ಲ. ಭಾಷಣ ಮುಗಿಯುವವರೆಗೂ ಮಾಮ ತುಟಿ ಬಿಚ್ಚಲಿಲ್ಲ, ಅತ್ತೆ ಅವರ ತೋಳು ಬಿಡಲಿಲ್ಲ.