ಮೇಲಿನ ನಾಲ್ಕು ಹಲ್ಲು

ನನ್ನ ಮಗಳ ಒಂದು ಹಾಲುಹಲ್ಲಿಗೆ ನಾನು ತೆತ್ತ ಬೆಲೆ ಇಷ್ಟು: ಒಂದು ಜೋಡಿ ಎತ್ತಿನ ದಲಾಲಿ, ಬಲಗೈ ತೋರುಬೆರಳಿನ ಚರ್ಮ, ವಿಜಾಪುರಕ್ಕೆ ಹೋಗಿ ಬರುವ ಬಸ್ಸಿನ ಚಾರ್ಜು, ಮತ್ತು ಸಿಂದಗಿಯಿಂದ ಇಂಡಿಯವರೆಗೆ ಹಬ್ಬಿದ್ದ ನನ್ನ ಹೆಸರು. ಕಾರಣ? ಅಡಿಕೆ ಗಾತ್ರದ ಬೆಲ್ಲದ ಹರಳು. ಇಷ್ಟು ತುಟ್ಟಿ ಬೆಲ್ಲವನ್ನು ಯಾವ ಬಾದಶಹನೂ ತಿಂದಿರಲಿಕ್ಕಿಲ್ಲ!

ಆಗ ನಾನು ಸಿಂದಗಿಯಲ್ಲಿ ದನದ ದಲಾಲ. ಹೆಗಲ ಮೇಲೊಂದು ಟವೆಲ್ಲು, ಬಾಯಲ್ಲೊಂದಿಷ್ಟು ಮಾತು, ಇವೇ ನನ್ನ ಬಂಡವಾಳ. ಎತ್ತಿನ ಬಾಯಿ ಬಿಚ್ಚಿ ಒಮ್ಮೆ ಇಣುಕಿದರೆ ಸಾಕು, ಹಾಲುಹಲ್ಲಿನದೋ, ಎರಡು ಹಲ್ಲಿನದೋ, ಎಲ್ಲ ಹಲ್ಲು ಬಂದು ಬಾಯಿಗೂಡಿದ್ದೋ ಎಂದು ಹೇಳಿ ಅದರ ವಯಸ್ಸನ್ನೂ ಬೆಲೆಯನ್ನೂ ಅಲ್ಲೇ ನಿಲ್ಲಿಸಿಬಿಡುತ್ತಿದ್ದೆ. ಹಲ್ಲಿನ ವಿಷಯದಲ್ಲಿ ನನ್ನ ಮಾತೇ ಕೊನೆಯದು. ಹಾಗಂತ ನಾನೇ ಎಲ್ಲರಿಗೂ ಹೇಳಿದ್ದೆ.

ಮಗಳು ಕಮಲಿಗೆ ಆಗ ಎರಡು ವರ್ಷ. ಮಧ್ಯಾಹ್ನ ನಾಲ್ಕು ಜನ ರೈತರು ಕಟ್ಟೆಯ ಮೇಲೆ ಕೂತು ವ್ಯವಹಾರದ ಮಾತು ತೆಗೆದರೆ ಅವಳ ರಾಗ ಶುರು. ಅದಕ್ಕೆ ನಾನೊಂದು ಉಪಾಯ ಕಂಡುಹಿಡಿದಿದ್ದೆ. ತೆಳು ಮಲ್ಲು ಬಟ್ಟೆಯಲ್ಲಿ ಒಂದು ಹರಳು ಬೆಲ್ಲ ಕಟ್ಟಿ ಬಾಯಿಗಿಟ್ಟರೆ ಚೀಪುತ್ತ ಚೀಪುತ್ತ ನಿದ್ದೆ ಹೋಗುವಳು. ಗಂಟು ಬಾಯಲ್ಲೇ ಇರುತ್ತಿತ್ತು. ಆಲಮೇಲದ ಗಿರಾಕಿಗಳು ಕಬ್ಬಿನ ಗಾಣ ಹೂಡಿದಾಗಲೆಲ್ಲ ನನಗೊಂದು ಪೆಂಟೆ, ಅಂದರೆ ದೊಡ್ಡ ಉಂಡೆ, ಬೆಲ್ಲ ಕೊಡುವರು. ಪುಕ್ಕಟೆ ಮಾಲು, ಪುಕ್ಕಟೆ ಶಾಂತಿ!

ಪಕ್ಕದ ಮನೆಯ ಅಮೀನಾಬಿ ಏಳು ಮಕ್ಕಳನ್ನು ಸಾಕಿದಾಕೆ. ಒಮ್ಮೆ ಗೋಡೆಯಾಚೆಯಿಂದಲೇ ಕೂಗಿದಳು: "ದಲಾಲ್ರ, ಕೂಸಿನ ಬಾಯಾಗ ಬೆಲ್ಲ ಇಟ್ಟು ಮಲಗಸಬ್ಯಾಡ್ರಿ. ತಿಂದ ಮ್ಯಾಲ ಹಸಿ ಅರಿವೀಲೆ ಹಲ್ಲ ಒರಸ್ರಿ."

"ದೊಡ್ಡವ್ವಾ, ಅವು ಹಾಲುಹಲ್ಲ. ಬಿದ್ದು ಹೋಗೂ ಮಾಲಿಗೆ ಯಾರರ ಮೈಗಾವಲು ಇಡ್ತಾರೇನು? ಹೋರಿಕರದ ಹಲ್ಲ ಯಾರು ಒರಸ್ತಾರ?"

"ಕರಾ ಬೆಲ್ಲ ಚೀಪಂಗಿಲ್ರಿ," ಎಂದಳು ಅಮೀನಾಬಿ.

ನಾನು ನಕ್ಕೆ. ಗಿರಾಕಿಗಳೂ ನಕ್ಕರು. ಕಮಲಿ ಮಾತ್ರ ಚೀಪುತ್ತಿದ್ದಳು.

ಬೇಸಿಗೆ ಹೊತ್ತಿಗೆ ಅವಳು ರೊಟ್ಟಿ ಬಿಟ್ಟಳು. ತುಂಡು ಬಾಯಿಗಿಟ್ಟರೆ ಮುಖ ಕಿವುಚಿ ಉಗುಳುವಳು. ಅಂಬಲಿ ಒಂದೇ ಇಳಿಯುತ್ತಿತ್ತು. ನಾಲ್ಕು ದಿನದಲ್ಲಿ ಗಲ್ಲ ಇಳಿದವು. ನನ್ನ ಹೆಂಡತಿ ನೀಲವ್ವನಿಗೆ ಗಾಬರಿ.

"ಏನ್ರಿ, ಊರ ದನದ ಬಾಯೆಲ್ಲಾ ನೋಡ್ತೀರಿ. ಮಗಳ ಬಾಯಿ ಒಂದೀಟು ನೋಡ್ರಿ."

ಸರಿ. ಕಮಲಿಯನ್ನು ತೊಡೆಯ ಮೇಲೆ ಕೂಡಿಸಿಕೊಂಡು, ಕೆಳದುಟಿ ಹಿಡಿದು ಜಗ್ಗಿ, ಶಾಸ್ತ್ರೋಕ್ತವಾಗಿ ಪರೀಕ್ಷೆ ಮಾಡಿದೆ. ಮುಂದಿನ ನಾಲ್ಕು ಹಲ್ಲು ಜೋಳದ ಎಳೆಕಾಳಿನಂತೆ ಫಳಫಳ!

"ಒಂದ ನಂಬರ್ ಬಾಯಿ," ಎಂದು ತೀರ್ಪು ಕೊಟ್ಟೆ. "ಹಲ್ಲಿಂದೇನೂ ತಕರಾರಿಲ್ಲ. ಇದು ಹೊಟ್ಟೀದು."

ಹಲ್ಲಿನ ವಿಷಯದಲ್ಲಿ ನನ್ನ ಮಾತೇ ಕೊನೆಯದಲ್ಲವೇ? ಎರಡು ದಿನ ಓಮದ ನೀರು ಕುಡಿಸಿದೆವು. ಕಮಲಿ ಅದನ್ನು ನನ್ನ ಧೋತರದ ಮೇಲೆ ಉಗುಳಿದಳು. ರೊಟ್ಟಿ ಮುಟ್ಟಲಿಲ್ಲ.

ಮೂರನೆಯ ದಿನ ಅಮೀನಾಬಿ ಗೋಡೆ ಸುತ್ತಿ ಒಳಗೇ ಬಂದಳು. "ಮ್ಯಾಲ ನೋಡಿದ್ರೇನ್ರಿ?"

"ಮ್ಯಾಲ ಏನ್ ಇರತೈತಿ ನೋಡಾಕ?" ಎಂದೆ.

ಎತ್ತಿಗೆ ಮುಂಬಾಯಲ್ಲಿ ಮೇಲಿನ ಸಾಲು ಹಲ್ಲೇ ಇರುವುದಿಲ್ಲ. ಕೆಳಗಿನ ಎಂಟು ಹಲ್ಲು, ಮೇಲೆ ಬರೀ ಗಟ್ಟಿ ವಸಡು. ಹತ್ತು ವರ್ಷ ಬರೀ ಕೆಳದವಡೆ ನೋಡಿದವನು ನಾನು. ನನ್ನ ಪಾಲಿಗೆ ಬಾಯಿ ಎಂದರೆ ಅಷ್ಟೇ!

ನೀಲವ್ವ ನಿಧಾನಕ್ಕೆ ಹೇಳಿದಳು: "ನಮ್ಮ ಕಮಲಿ ಎತ್ತಲ್ರಿ."

ಅಮೀನಾಬಿ ಮಗುವಿನ ಮೇಲ್ದುಟಿಯನ್ನು ಒಂದೇ ಬೆರಳಲ್ಲಿ ಮೆಲ್ಲಗೆ ಎತ್ತಿದಳು. ಮೇಲಿನ ಮುಂದಿನ ನಾಲ್ಕು ಹಲ್ಲು ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಅಂಚು ಸುಣ್ಣದ ಗೋಡೆಯಂತೆ ಉದುರಿತ್ತು. ಒಂದು ಹಲ್ಲಂತೂ ಬುಡದವರೆಗೆ ಹೋಗಿ ವಸಡು ಊದಿತ್ತು. ಚೀಪಿದ ರಸವೆಲ್ಲ ಅಲ್ಲೇ ನಿಂತಿತ್ತು. ಕೆಳಗಿನವನ್ನು ಪಾಪ, ನಾಲಿಗೆ ಕಾದಿತ್ತು. ಅಪ್ಪ ಕಾಯಲಿಲ್ಲ.

ಇಲ್ಲಿಗೆ ಸುಮ್ಮನಿರಬೇಕಿತ್ತು. ಆದರೆ ಮಾನ ಹೋದ ತಜ್ಞ ಸುಮ್ಮನಿರುತ್ತಾನೆಯೇ? ಎತ್ತಿನ ಬಾಯಿಗೆ ಉಪ್ಪು ಅರಿಸಿನ ತಿಕ್ಕಿ ಎಷ್ಟು ಹುಣ್ಣು ಮಾಯಿಸಿಲ್ಲ ನಾನು! ಉಪ್ಪು ಅರಿಸಿನ ಕಲಸಿದೆ. ಎತ್ತಿನ ಬಾಯಿಯ ಪಕ್ಕಕ್ಕೆ ಹಲ್ಲಿಲ್ಲದ ಒಂದು ಸಂದಿ ಇರುತ್ತದೆ. ಅಲ್ಲಿ ಬೆರಳು ತೂರಿಸಿದರೆ ಅದು ಕಚ್ಚಲಾರದು, ಬಾಯಿ ತಾನೇ ತೆರೆಯುತ್ತದೆ. ನಾನು ಕಮಲಿಯ ಬಾಯಿಯ ಪಕ್ಕಕ್ಕೆ ಧೈರ್ಯವಾಗಿ ತೋರುಬೆರಳು ತೂರಿಸಿದೆ.

ಅಲ್ಲಿ ಸಂದಿ ಇರಲಿಲ್ಲ. ದವಡೆ ಹಲ್ಲಿದ್ದವು. ಹೊಸವು!

ನನ್ನ ಕೂಗಿಗೆ ಕಟ್ಟೆಯ ಬಳಿ ಕಟ್ಟಿದ್ದ ಎತ್ತು ಕಣ್ಣಿ ಹರಿದುಕೊಂಡು ಓಡಿತು.

ಮರುದಿನ ಇಂಡಿಯಲ್ಲಿ ದನದ ಸಂತೆ. ಇಂಗಳೇಶ್ವರದ ರೈತನೊಬ್ಬನ ಜೋಡಿ ಎತ್ತು ಮಾರಿಸಿಕೊಡುವ ಮಾತು ಕೊಟ್ಟಿದ್ದೆ. ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೋದೆ. ನಮ್ಮ ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈಯಲ್ಲಿ ಕೈಯಿಟ್ಟು ಬೆರಳು ಹಿಡಿದು ತಿಳಿಸುತ್ತೇವೆ. ಒಂದು ಬೆರಳು ಹಿಡಿದರೆ ನೂರು, ನಾಲ್ಕು ಹಿಡಿದರೆ ನಾನೂರು. ಒಪ್ಪಿದವನು ತಲೆ ಬಗ್ಗಿಸಿದರೆ, ನಮ್ಮ ಮಾತಿನಲ್ಲಿ ತಲೆ ಹಾಕಿದರೆ, ವ್ಯವಹಾರ ಮುಗಿಯಿತು.

ಕೊಳ್ಳುವವನು ತಂಗಡಗಿಯ ಕಡೆಯ ಗಟ್ಟಿ ಆಳು. ನಾನು ಐನೂರಕ್ಕೆ ಕಮ್ಮಿ ಇಳಿಯಬಾರದೆಂದು ನಿರ್ಧರಿಸಿದ್ದೆ. ಅವನು ನಾಲ್ಕು ಬೆರಳನ್ನೂ ಒಟ್ಟಿಗೆ ಹಿಡಿದು ಹಿಂಡಿದ. ಕಮಲಿ ಕಡಿದ ಬೆರಳು ನಡುವೆ ಸಿಕ್ಕಿತು! ಕಣ್ಣಲ್ಲಿ ನಕ್ಷತ್ರ. ಹಲ್ಲು ಕಚ್ಚಿದೆ, ತಲೆ ತಾನಾಗಿ ಎದೆಗೆ ಬಾಗಿತು.

"ದಲಾಲ್ರು ತಲಿ ಹಾಕಿದ್ರು!" ಎಂದ ಅವನು.

"ನೋವಿಗೆ ಬಗ್ಗಿದ್ದೋ ಮಾರಾಯಾ!"

"ನಾಕ ನೂರಕ್ಕ ಕೊಡೂದು ಯಾರಿಗರ ನೋವ ಆಗತೈತಿ ಬಿಡ್ರಿ," ಎಂದು ಹಗ್ಗ ಬಿಚ್ಚಿಕೊಂಡ.

ಸುತ್ತ ನಿಂತವರು ನಕ್ಕರು. ರೈತನ ಮುಖ ನೋಡಲಾಗದೆ ನನ್ನ ದಲಾಲಿ ಬಿಟ್ಟುಕೊಟ್ಟೆ. ಬೆರಳಿಗೆ ಏನಾಯಿತೆಂದು ಕೇಳಿದವರಿಗೆ ಎತ್ತು ಕಡಿಯಿತೆಂದೆ. ಎತ್ತು ಹಾಗೆ ಕಡಿಯುವುದಿಲ್ಲವೆಂದು ಸಂತೆಯಲ್ಲಿ ಯಾರಿಗೆ ಗೊತ್ತಿಲ್ಲ!

ಮನೆಗೆ ಬಂದರೆ ನೀಲವ್ವ ಒಳ್ಳೆಯ ಸೀರೆ ಉಟ್ಟು, ಕಮಲಿಯನ್ನು ಕಂಕುಳಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. "ವಿಜಾಪುರದಾಗ ಹಲ್ಲಿನ ಡಾಕ್ಟರ್ ಅದಾರಂತ. ನೀವು ಬರ್ತೀರೋ, ನಾ ಒಬ್ಬಾಕಿನ ಹೋಗ್ಲೋ?"

ಹೋದೆ.

ಡಾಕ್ಟರು ಮೊದಲು ನೋಡಿದ್ದೇ ಮೇಲಿನ ಸಾಲು. ನಾನು ಚೌಕಾಶಿಗೆ ಇಳಿದೆ. "ಸಾಹೇಬ್ರ, ಹೆಂಗಿದ್ರೂ ಬೀಳೂವು. ನಾಕೂ ಕಿತ್ತು ಹಾಕ್ರಿ, ಒಂದ ಸಲಕ್ಕ ಮುಗೀಲಿ."

"ಇನ್ನ ನಾಕೈದು ವರ್ಷ ಈಕಿ ಏನಿಂದ ರೊಟ್ಟಿ ಕಡೀಬೇಕ್ರಿ?" ಎಂದರು ಡಾಕ್ಟರು, ನನ್ನ ಹೆಗಲಿನ ಟವೆಲ್ಲು ನೋಡುತ್ತ. "ನೀವು ಸಂತ್ಯಾಗ ಜಾಗಾ ಹಿಡಿಯಾಕ ಮುಂಜಾನೇನ ಟವೆಲ್ ಹಾಸಿ ಬರ್ತೀರಿಲ್ಲೋ? ಹಾಲುಹಲ್ಲ ಅಂದ್ರ ಆ ಟವೆಲ್. ತಗದ್ರ ಹಿಂದಿಂದ ಬರೂವು ಎಲ್ಲೆಲ್ಲೋ ಕುಂಡ್ರತಾವ."

ಅರ್ಥವಾಯಿತು. ನನ್ನ ಭಾಷೆಯಲ್ಲಿ ಹೇಳಿದ್ದರಲ್ಲ!

"ಎಷ್ಟು ಉಳೀತಾವ್ರಿ?" ಎಂದಳು ನೀಲವ್ವ.

"ಬೆಲ್ಲದ ಗಂಟು ಇವತ್ತ ನಿಂತ್ರ ಮೂರು."

"ನಿಂತೈತ್ರಿ," ಎಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಟವೆಲ್ಲಿಲ್ಲದೆ, ಬೆರಳಿಲ್ಲದೆ, ಎರಡು ಮಾತಿನಲ್ಲಿ ವ್ಯವಹಾರ ಮುಗಿಸಿದಳು.

ಊದಿದ ಒಂದು ಹಲ್ಲು ಹೋಯಿತು. ಮಿಕ್ಕ ಮೂರಕ್ಕೆ ಡಾಕ್ಟರು ಎಂಥದೋ ಮದ್ದು ಸವರಿದರು. ಅವು ಕಪ್ಪಾದವು, ಆದರೆ ಉಳಿದವು. ಎಂಟನೆಯ ದಿನ ಕಮಲಿ ಹಾಲಲ್ಲಿ ನೆನೆಸಿದ ರೊಟ್ಟಿ ತಿಂದಳು. ಹದಿನೈದನೆಯ ದಿನ ನನ್ನ ತಾಟಿನಿಂದ ಒಣಗಿದ ಕಟಕ್ ರೊಟ್ಟಿ ಕಸಿದುಕೊಂಡಳು. ಅವತ್ತು ನಾನು ಒಂದು ರೊಟ್ಟಿ ಕಮ್ಮಿ ತಿಂದು ಎದ್ದೆ, ಹೊಟ್ಟೆ ತುಂಬಿತ್ತು.

ಈಗ ಕೇಳಿರಿ, ಪುಕ್ಕಟೆ ಸಲಹೆ. ನನಗೆ ಮಾತ್ರ ತುಟ್ಟಿ ಬಿದ್ದದ್ದು. ಮಗುವಿಗೆ ಮೊದಲ ಹಲ್ಲು ಇಣುಕಿದ ದಿನವೇ ಮೆತ್ತಗಿನ ಒದ್ದೆ ಬಟ್ಟೆ ಬೆರಳಿಗೆ ಸುತ್ತಿ ಒರೆಸಲು ಶುರುಮಾಡಿರಿ. ಉಂಡ ಮೇಲೊಮ್ಮೆ, ಮಲಗುವ ಮುಂಚೆ ತಪ್ಪದೆ. ಬಾಯಲ್ಲಿ ಸಿಹಿ ಇಟ್ಟು ಮಲಗಿಸಬೇಡಿರಿ. ಗಿರಾಕಿಗಳ ಎದುರು ಅತ್ತರೆ ಅಳಲಿ, ಗಿರಾಕಿಗಳಿಗೂ ಮಕ್ಕಳಿರುತ್ತವೆ. ವಾರಕ್ಕೊಮ್ಮೆ ಮೇಲ್ದುಟಿ ಎತ್ತಿ ನೋಡಿರಿ. ಮೇಲಿನದು, ಮರೆಯಬೇಡಿರಿ! ಬೆರಳನ್ನು ಮುಂದಿನಿಂದ ಇಡಿರಿ, ಪಕ್ಕದಿಂದ ತೂರಿಸಬೇಡಿರಿ.

ಇನ್ನೊಂದು. ಮಗುವಿನ ಬಾಯಿ ನೋಡುವ ಮುಂಚೆ ನಿಮ್ಮದನ್ನು ತೊಳೆದುಕೊಳ್ಳಿರಿ. ಮರುವರ್ಷ ಒಂದು ದಿನ ನಾನು ಒದ್ದೆ ಬಟ್ಟೆ ಹಿಡಿದು ಕೂತಾಗ ಕಮಲಿ ತಾನೇ ಮುಂದೆ ಬಂದು, ನನ್ನ ಮೇಲ್ದುಟಿ ಎತ್ತಿ, ಎಲೆಯಡಿಕೆಯ ಕೆಂಪು ಕರೆ ಹಿಡಿದ ನನ್ನ ಹಲ್ಲುಗಳನ್ನು ಬಹಳ ಹೊತ್ತು ನೋಡಿ, ತಾಯಿಯ ಕಡೆ ತಿರುಗಿ ನನ್ನದೇ ಧಾಟಿಯಲ್ಲಿ ತೀರ್ಪು ಕೊಟ್ಟಳು:

"ಅವ್ವಾ, ಈ ಎತ್ತ ಬ್ಯಾಡ."